ಕಿಟ್ಟದ ಗುಡ್ಡ ಯಾರದು, ಕೆರೆಯ ನೀರು ಯಾರದು?

ಪೇಟೆ ಊರಿನ ಯಾವ ಕೆರೆಯ ಏರಿಯ ಮೇಲಾದರೂ ಬೇಸಗೆಯಲ್ಲಿ ಹೋಗಿ ನಿಂತು ನೋಡಿ. ನೀರು ಕಾಣುವುದಿಲ್ಲ. ಹಸಿರು ಬಣ್ಣ ಕಲಸಿದಂತೆ ಪಾಚಿ ಕಾಣುತ್ತದೆ, ಇಲ್ಲವೆ ಈ ದಂಡೆಯಿಂದ ಆ ದಂಡೆಯವರೆಗೆ ಅಂತರಗಂಗೆ ಹಬ್ಬಿರುತ್ತದೆ. ಮೂಗು ಮುಚ್ಚಿಕೊಳ್ಳದೆ ಐದು ನಿಮಿಷ ನಿಲ್ಲಲಾಗುವುದಿಲ್ಲ. ಅಲ್ಲಿ ಬಟ್ಟೆ ಒಗೆದು ಬದುಕುತ್ತಿದ್ದ ಮಡಿವಾಳರು ಬೇರೆ ದಾರಿ ಹಿಡಿದಿದ್ದಾರೆ. ಸಾಲ ತಂದು ಮೀನಿನ ಗುತ್ತಿಗೆ ಹಿಡಿದವನು ಒಂದು ಬೆಳಗ್ಗೆ ಹೊಟ್ಟೆ ಮೇಲಾಗಿ ತೇಲುವ ಮೀನಿನ ರಾಶಿ ನೋಡಿ ತಲೆಯ ಮೇಲೆ ಕೈಹೊತ್ತು ಕೂರುತ್ತಾನೆ. ಇಂಥ ಕೆರೆಯ ಪಕ್ಕದಲ್ಲಿ ಮನೆ ಮಾಡಿರುವವರು ಯಾರು? ಗಿರಣಿಯ ಕೂಲಿಕಾರರು. ಅದರ ದಂಡೆಯಲ್ಲಿ ಚಹದಂಗಡಿ, ತರಕಾರಿ ಗಾಡಿ, ಸೈಕಲ್ ರಿಪೇರಿ ಅಂಗಡಿ ಇಟ್ಟುಕೊಂಡಿರುವವರು ಯಾರು? ಸಣ್ಣ ವ್ಯಾಪಾರಿಗಳು. ಬಂಗಲೆಯವರು ಗಾಳಿ ಬೀಸುವ ದಿಕ್ಕು ನೋಡಿ ಮನೆ ಕಟ್ಟಿಕೊಂಡಿದ್ದಾರೆ.

ಕೆರೆ ಯಾಕೆ ಹೀಗಾಯಿತು ಎಂದು ಊರಿನ ದೊಡ್ಡವರನ್ನು ಕೇಳಿದರೆ, "ಜನಕ್ಕೆ ಶುಚಿತ್ವದ ಅರಿವಿಲ್ಲ" ಎನ್ನುತ್ತಾರೆ. ಅಧಿಕಾರಿಗಳನ್ನು ಕೇಳಿದರೆ, "ಯೋಜನೆ ಮೇಲಕ್ಕೆ ಹೋಗಿದೆ, ಹಣ ಬರಬೇಕು" ಎನ್ನುತ್ತಾರೆ. ಈ ಎರಡು ಉತ್ತರಗಳಿಂದಲೂ ನಮಗೆ ಸಮಾಧಾನವಿಲ್ಲ. ಕೆರೆ ಕೆಡುವುದಕ್ಕೆ ನಿಜವಾದ ಕಾರಣವೇನು, ಅದನ್ನು ಕಡಮೆ ಖರ್ಚಿನಲ್ಲಿ ತಡೆಯುವ ಉಪಾಯವೇನು, ಆ ಉಪಾಯ ಯಾರ ಕೈಯಲ್ಲಿರಬೇಕು ಎಂಬ ಮೂರು ಪ್ರಶ್ನೆಗಳನ್ನು ಈ ವಾರ ಓದುಗರ ಮುಂದಿಡುತ್ತೇವೆ. ವಿಷಯ ರಸಾಯನಶಾಸ್ತ್ರದ್ದೆಂದು ಯಾರೂ ಪುಟ ತಿರುವಬೇಕಾಗಿಲ್ಲ. ಕುಲುಮೆಯ ಮುಂದೆ ನಿಂತವರಿಗೆ, ತಕ್ಕಡಿ ಹಿಡಿದವರಿಗೆ ಇದು ಅರ್ಥವಾಗದ ವಿಷಯವಲ್ಲ.

ಮೊದಲು ಕಾರಣ. ಗೊಬ್ಬರದ ಅಂಗಡಿಯವರಿಗೆ ಫಾಸ್ಫೇಟು ಹೊಸ ಮಾತಲ್ಲ. ರೈತ ಹಣ ತೆತ್ತು ಡಿ.ಎ.ಪಿ. ಮೂಟೆಯಲ್ಲಿ ಕೊಳ್ಳುವುದು ಅದನ್ನೇ. ಅದರೊಳಗಿನ ಮೂಲವಸ್ತು ರಂಜಕ. ಹ್ಯಾಂಬರ್ಗಿನ ಹೆನ್ನಿಗ್ ಬ್ರಾಂಡ್ ಎಂಬವನು 1669ರಲ್ಲಿ ಅದನ್ನು ಮೊದಲ ಬಾರಿಗೆ ಬೇರ್ಪಡಿಸಿದ್ದು ಮನುಷ್ಯನ ಮೂತ್ರವನ್ನು ಬತ್ತಿಸಿ ಕಾಯಿಸಿದಾಗ. ನಾವು ಉಣ್ಣುವ ರಾಗಿ, ಅಕ್ಕಿ, ಬೇಳೆ ಎಲ್ಲದರಲ್ಲಿಯೂ ರಂಜಕವಿದೆ. ದೇಹಕ್ಕೆ ಬೇಕಾದ್ದು ಉಳಿದು ಮಿಕ್ಕದ್ದು ಹೊರಬರುತ್ತದೆ. ಒಬ್ಬ ಮನುಷ್ಯನಿಂದ ದಿನಕ್ಕೆ ಸುಮಾರು ಒಂದೂವರೆ ಗ್ರಾಂ ರಂಜಕ ಚರಂಡಿ ಸೇರುತ್ತದೆ. ಬಟ್ಟೆ ಒಗೆಯುವ ಪುಡಿಯಲ್ಲಿ ಫಾಸ್ಫೇಟು ಬೆರೆಸಿದ್ದರೆ ಅದು ಇನ್ನೂ ಹೆಚ್ಚು.

ಒಂದೂವರೆ ಗ್ರಾಂ ಎಂದರೆ ಒಂದು ಚಿಟಿಕೆ ಉಪ್ಪಿನಷ್ಟು, ಅದರಿಂದೇನಾಗುತ್ತದೆ ಎಂದು ಕೇಳಬಹುದು. ಅಂಗಡಿಯ ಲೆಕ್ಕ ಹಾಕೋಣ. ಒಂದು ಲಕ್ಷ ಜನರಿರುವ ಊರಿನಿಂದ ದಿನಕ್ಕೆ 150 ಕಿಲೋ ರಂಜಕ ಚರಂಡಿಗೆ ಹೋಗುತ್ತದೆ. 50 ಕಿಲೋ ತೂಕದ ಒಂದು ಡಿ.ಎ.ಪಿ. ಮೂಟೆಯಲ್ಲಿರುವ ಶುದ್ಧ ರಂಜಕ ಸುಮಾರು 10 ಕಿಲೋ. ಅಂದರೆ ಅಂಥ ಊರು ದಿನಕ್ಕೆ ಹದಿನೈದು ಮೂಟೆ ಗೊಬ್ಬರದಷ್ಟನ್ನು ಚರಂಡಿಗೆ ಸುರಿಯುತ್ತಿದೆ. ವರ್ಷಕ್ಕೆ ಐದು ಸಾವಿರಕ್ಕೂ ಮಿಕ್ಕಿ ಮೂಟೆ. ಹೊಲಕ್ಕೆ ಹಾಕಿದರೆ ಪೈರು ಬೆಳೆಯುವ ವಸ್ತು ಕೆರೆಗೆ ಬಿದ್ದರೆ ಪಾಚಿ ಬೆಳೆಯದೆ ಇನ್ನೇನು ಬೆಳೆದೀತು?

ಪಾಚಿಗೆ ಇದೇ ಮುಖ್ಯ ಕಾರಣವೆಂಬುದು ಊಹೆಯ ಮಾತಲ್ಲ. ಕೆನಡಾ ದೇಶದ ಒಂಟಾರಿಯೋ ಪ್ರಾಂತದಲ್ಲಿ ಡೇವಿಡ್ ಶಿಂಡ್ಲರ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು 1973ರಲ್ಲಿ ಒಂದು ಸರೋವರದ ನಡುವೆ ಪರದೆ ಕಟ್ಟಿ ಅದನ್ನು ಎರಡು ಪಾಲು ಮಾಡಿದರು. ಎರಡೂ ಕಡೆಗೆ ಸಾರಜನಕವನ್ನೂ ಇಂಗಾಲವನ್ನೂ ಹಾಕಿದರು. ಒಂದು ಕಡೆಗೆ ಮಾತ್ರ ರಂಜಕವನ್ನೂ ಸೇರಿಸಿದರು. ರಂಜಕ ಬಿದ್ದ ಪಾಲು ಹಸಿರಾಯಿತು, ಬೀಳದ ಪಾಲು ತಿಳಿಯಾಗಿಯೇ ಉಳಿಯಿತು. ಆಕಾಶದಿಂದ ತೆಗೆದ ಅದರ ಚಿತ್ರವನ್ನು ನೋಡಿದ ಮೇಲೆ ಸೋಪಿನ ಕಂಪನಿಗಳ ವಾದ ಬಲ ಕಳೆದುಕೊಂಡಿತು. ಸ್ವಿಟ್ಜರ್ಲೆಂಡ್ 1986ರಲ್ಲಿ ಬಟ್ಟೆ ಒಗೆಯುವ ಪುಡಿಯಲ್ಲಿ ಫಾಸ್ಫೇಟು ಬೆರೆಸುವುದನ್ನೇ ನಿಷೇಧಿಸಿತು. ಯುರೋಪಿನ ಒಕ್ಕೂಟದ ದೇಶಗಳು 2013ರಲ್ಲಿ ಅದಕ್ಕೆ ಬಿಗಿಯಾದ ಮಿತಿ ಹಾಕಿದವು.

ಪಾಚಿ ಬರೀ ಕಣ್ಣಿಗೆ ಹೇಸಿಗೆಯಲ್ಲ. ಅದು ಸತ್ತು ಕೊಳೆಯುವಾಗ ನೀರಿನ ಪ್ರಾಣವಾಯುವನ್ನು ಹೀರಿಬಿಡುತ್ತದೆ, ಮೀನು ಉಸಿರುಕಟ್ಟಿ ಸಾಯುತ್ತದೆ. ಕೆಲವು ಜಾತಿಯ ಪಾಚಿ ವಿಷವನ್ನೂ ಬಿಡುತ್ತದೆ. ಅಮೆರಿಕದ ಟೊಲೀಡೋ ನಗರದಲ್ಲಿ 2014ರ ಆಗಸ್ಟಿನಲ್ಲಿ ಇಂಥ ವಿಷ ಕುಡಿಯುವ ನೀರಿಗೆ ಸೇರಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ದಿನಗಟ್ಟಲೆ ನಲ್ಲಿ ನೀರು ಮುಟ್ಟದಂತಾಯಿತು. ಆ ವಿಷ ಕುದಿಸಿದರೂ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಅಷ್ಟು ಶ್ರೀಮಂತ ದೇಶದ ಪಾಡು ಹೀಗಾದರೆ ನಮ್ಮ ಪಾಡೇನು ಎಂದು ಯೋಚಿಸಬೇಕು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕಾಗಿದೆ. ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ 2015ರಲ್ಲಿ ರಸ್ತೆಗೆ ಹಾರಿದ್ದನ್ನೂ, 2017ರ ಫೆಬ್ರವರಿಯಲ್ಲಿ ಅದೇ ಕೆರೆಯಲ್ಲಿ ಬೆಂಕಿ ಹೊತ್ತಿ ಊರಿಗೆಲ್ಲ ಹೊಗೆ ತುಂಬಿದ್ದನ್ನೂ ಎಲ್ಲರೂ ಬಲ್ಲರು. ನೊರೆ ಬರುವುದು ಸೋಪಿನ ಪುಡಿಯಲ್ಲಿರುವ ಜಿಡ್ಡು ಬಿಡಿಸುವ ರಸಾಯನದಿಂದ. ಕಳೆ, ಪಾಚಿ ಬೆಳೆಯುವುದು ರಂಜಕದಿಂದ. ಎರಡೂ ಒಂದೇ ಚರಂಡಿಯಲ್ಲಿ ಬರುತ್ತವೆ, ಆದರೆ ಎರಡೂ ಒಂದೇ ಅಲ್ಲ. ಆದ್ದರಿಂದ ನೊರೆ ಕಡಮೆಯಾಯಿತೆಂದು ಫೋಟೋ ತೆಗೆಸಿಕೊಳ್ಳುವ ಮಂತ್ರಿಗಳ ಮಾತನ್ನು ನಂಬಿ ಕೆರೆ ಗುಣವಾಯಿತೆಂದು ತಿಳಿಯಬಾರದು.

ಕೊಳಚೆ ನೀರಿನ ಶುದ್ಧೀಕರಣ ಘಟಕ ಕಟ್ಟಿದರೆ ಸಾಲದೆ? ಸಾಲದು. ಸಾಮಾನ್ಯ ಘಟಕ ದುರ್ವಾಸನೆಯನ್ನೂ ಕೊಳೆಯನ್ನೂ ಕಡಮೆ ಮಾಡುತ್ತದೆ. ರಂಜಕದ ಹೆಚ್ಚು ಪಾಲು ಹಾಗೆಯೇ ಹಾದುಹೋಗುತ್ತದೆ. ಕೊಳಚೆಯಲ್ಲಿ ಲೀಟರಿಗೆ ಐದಾರು ಮಿಲಿಗ್ರಾಂ, ಕೆಲವು ಕಡೆ ಅದಕ್ಕೂ ಹೆಚ್ಚು ರಂಜಕವಿರುತ್ತದೆ. ಕೆರೆ ಹಸಿರಾಗುವುದಕ್ಕೆ ಲೀಟರಿಗೆ ಒಂದು ಮಿಲಿಗ್ರಾಮಿನ ನೂರರಲ್ಲಿ ಮೂರು ಪಾಲು ಇದ್ದರೆ ಸಾಕು. ಹೀಗಿದ್ದೂ ಕೇಂದ್ರ ಸರಕಾರ 2017ರ ಅಕ್ಟೋಬರಿನಲ್ಲಿ ಶುದ್ಧೀಕರಣ ಘಟಕಗಳಿಗೆ ಹೊರಡಿಸಿದ ನಿಯಮದಲ್ಲಿ ರಂಜಕದ ಮಾತೇ ಇರಲಿಲ್ಲ. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ನಿಯಮವನ್ನು ಬಿಗಿಗೊಳಿಸಬೇಕೆಂದು ಹೇಳಬೇಕಾಯಿತು.

ರಂಜಕವನ್ನು ತೆಗೆಯುವ ವಿದ್ಯೆ ಇಲ್ಲವೆಂದಲ್ಲ. ಪಟಿಕ ಹಾಕಿದರೆ, ಕಬ್ಬಿಣದ ಲವಣ ಹಾಕಿದರೆ, ಸುಣ್ಣ ಹಾಕಿದರೆ ರಂಜಕ ಅವುಗಳೊಡನೆ ಕೂಡಿ ಕೆಳಗೆ ಕೂರುತ್ತದೆ. ಶ್ರೀಮಂತ ನಗರಗಳು ಇದನ್ನೇ ಮಾಡುತ್ತವೆ. ಆದರೆ ಅದಕ್ಕೆ ದಿನದಿನವೂ ರಸಾಯನ ಕೊಳ್ಳಬೇಕು. ನೌಕರರ ಸಂಬಳಕ್ಕೇ ತಿಣುಕಾಡುವ ಸಣ್ಣ ಪುರಸಭೆ ಎಲ್ಲಿಂದ ತಂದೀತು? ಮೊದಲ ವರ್ಷ ಗುತ್ತಿಗೆದಾರ ಲೋಡು ಇಳಿಸುತ್ತಾನೆ, ಎರಡನೆಯ ವರ್ಷ ಬಿಲ್ಲು ಬಾಕಿ ಬೀಳುತ್ತದೆ, ಮೂರನೆಯ ವರ್ಷ ಯಂತ್ರಕ್ಕೆ ತುಕ್ಕು ಹಿಡಿಯುತ್ತದೆ.

ಈಗ ಉಪಾಯಕ್ಕೆ ಬರೋಣ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂಬ ಗಾದೆಯಿದೆಯಲ್ಲವೆ? ಉಕ್ಕಿನ ಕಾರ್ಖಾನೆಯಲ್ಲಿ ದುಡಿದವರು ಸ್ಲ್ಯಾಗ್ ಎನ್ನುವ ಕಿಟ್ಟವನ್ನು ಬಲ್ಲರು. ಅದಿರಿನ ಜೊತೆಗೆ ಸುಣ್ಣದ ಕಲ್ಲು ಹಾಕಿ ಕರಗಿಸಿದಾಗ ಅದಿರಿನ ಕಸವೆಲ್ಲ ಸುಣ್ಣದೊಡನೆ ಸೇರಿ ಮೇಲೆ ತೇಲುತ್ತದೆ. ಅದನ್ನು ಹೊರಗೆ ಹರಿಸಿ ಆರಿಸಿದರೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ಅದರಲ್ಲಿ ಮೂರನೆಯ ಒಂದು ಪಾಲಿನಿಂದ ಅರ್ಧದವರೆಗೂ ಸುಣ್ಣವೇ. ಜೊತೆಗೆ ಕಬ್ಬಿಣವೂ ಅಲ್ಯುಮಿನಿಯಮ್ಮೂ ಇವೆ. ಪುರಸಭೆ ದುಡ್ಡು ಕೊಟ್ಟು ಕೊಳ್ಳಬೇಕಾದ ಮೂರು ಪದಾರ್ಥಗಳೂ ಈ ಕಸದೊಳಗೇ ಕೂತಿವೆ! ಈ ಕಿಟ್ಟವನ್ನು ಜಲ್ಲಿಯ ಗಾತ್ರಕ್ಕೆ ಒಡೆದು ತೊಟ್ಟಿಯಲ್ಲಿ ತುಂಬಿ ಅದರ ಮೂಲಕ ಚರಂಡಿಯ ನೀರನ್ನು ನಿಧಾನವಾಗಿ ಹಾಯಿಸಿದರೆ, ಸುಣ್ಣ ಕರಗಿ ಫಾಸ್ಫೇಟಿನೊಡನೆ ಕೂಡಿ ಜಲ್ಲಿಯ ಮೈಗೆ ಅಂಟುತ್ತದೆ. ಹಾಗೆ ಅಂಟುವ ವಸ್ತು ಬೇರೆ ಏನೂ ಅಲ್ಲ, ನಮ್ಮ ಮೂಳೆ ಹಲ್ಲುಗಳು ಯಾವುದರಿಂದ ಆಗಿವೆಯೋ ಆ ಜಾತಿಯದೇ. ಕಬ್ಬಿಣವೂ ಅಲ್ಯುಮಿನಿಯಮ್ಮೂ ಇನ್ನಷ್ಟು ಫಾಸ್ಫೇಟನ್ನು ತಮ್ಮ ಮೈಮೇಲೆ ಹಿಡಿದುಕೊಳ್ಳುತ್ತವೆ.

ಇದು ಪ್ರಯೋಗಶಾಲೆಯ ಗಾಜಿನ ಕೊಳವೆಯಲ್ಲಿ ಮಾತ್ರ ನಡೆದ ಆಟವಲ್ಲ. ನ್ಯೂಜಿಲೆಂಡಿನ ವೈಯುಕು ಎಂಬ ಸಣ್ಣ ಪೇಟೆಯಲ್ಲಿ 1993ರಿಂದ ಊರಿನ ಕೊಳಚೆ ಹೊಂಡದ ನೀರನ್ನು ಇಂಥ ತೊಟ್ಟಿಗಳ ಮೂಲಕ ಹಾಯಿಸಿದರು. ಕಿಟ್ಟ ಬಂದದ್ದು ಹತ್ತಿರದ ಗ್ಲೆನ್‌ಬ್ರೂಕ್ ಉಕ್ಕಿನ ಕಾರ್ಖಾನೆಯಿಂದ. ಹನ್ನೊಂದು ವರ್ಷದ ಲೆಕ್ಕವನ್ನು ವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದರು. ಮೊದಲ ಐದು ವರ್ಷ ರಂಜಕದ ಸುಮಾರು ಮುಕ್ಕಾಲು ಪಾಲನ್ನು ತೊಟ್ಟಿ ಹಿಡಿದಿತ್ತು. ಆಮೇಲೆ ಅದರ ಶಕ್ತಿ ಬೇಗ ಬೇಗ ಇಳಿಯಿತು. ಅಷ್ಟರೊಳಗೆ ಒಂದು ಟನ್ ಕಿಟ್ಟ ಒಂದು ಕಿಲೋಗಿಂತ ಸ್ವಲ್ಪ ಹೆಚ್ಚು ರಂಜಕವನ್ನು ಹಿಡಿದಿತ್ತು.

ಕಿಟ್ಟಕ್ಕೂ ರಂಜಕಕ್ಕೂ ಇರುವ ಈ ನಂಟು ಹಳೆಯದು. ಲಂಡನ್ನಿನ ಪೊಲೀಸ್ ಕೋರ್ಟಿನಲ್ಲಿ ಗುಮಾಸ್ತನಾಗಿದ್ದ ಸಿಡ್ನಿ ಗಿಲ್‌ಕ್ರಿಸ್ಟ್ ಥಾಮಸ್ ಎಂಬ ಯುವಕ ಸಂಜೆ ಹೊತ್ತು ರಸಾಯನಶಾಸ್ತ್ರ ಕಲಿತವನು. ಅದಿರಿನಲ್ಲಿ ರಂಜಕವಿದ್ದರೆ ಉಕ್ಕು ಪೆಡಸಾಗಿ ಒಡೆಯುತ್ತಿದ್ದ ಕಾಲ ಅದು. ಥಾಮಸ್ ತನ್ನ ಸೋದರಸಂಬಂಧಿಯೊಡನೆ ಸೇರಿ ಸುಣ್ಣದ ಜಾತಿಯ ಕಲ್ಲಿನಿಂದ ಕುಲುಮೆಯ ಒಳಮೈ ಕಟ್ಟಿ, ಸುಣ್ಣವನ್ನೂ ಹಾಕಿ, ಆ ರಂಜಕವನ್ನು ಕಿಟ್ಟಕ್ಕೆ ಎಳೆಯುವ ಮಾರ್ಗವನ್ನು 1878ರಲ್ಲಿ ಪ್ರಕಟಪಡಿಸಿದನು. ಆ ಕಿಟ್ಟವನ್ನೇ ಬೀಸಿ ಪುಡಿ ಮಾಡಿ ಜರ್ಮನಿಯ ರೈತರು ದಶಕಗಳ ಕಾಲ ಹೊಲಕ್ಕೆ ಗೊಬ್ಬರವಾಗಿ ಚೆಲ್ಲಿದರು. ಥಾಮಸ್ 1885ರಲ್ಲಿ ತನ್ನ 34ನೆಯ ವಯಸ್ಸಿನಲ್ಲಿ ತೀರಿಕೊಂಡನು. ತಾನು ಗಳಿಸಿದ ಹಣವನ್ನು ದುಡಿಯುವ ಜನರ ಬಾಳು ಹಸನಾಗುವುದಕ್ಕೆ ವಿನಿಯೋಗಿಸಬೇಕೆಂದು ಸೋದರಿಗೆ ಒಪ್ಪಿಸಿ ಹೋದನು. ಅವನ ಕುಲುಮೆಯಿಂದ ಕೋಟಿಗಟ್ಟಲೆ ಗಳಿಸಿದ ಮಾಲೀಕರಲ್ಲಿ ಎಷ್ಟು ಜನ ಹಾಗೆ ಬರೆದಿಟ್ಟರೋ!

ನಮ್ಮ ನಾಡಿನಲ್ಲಿ ಕಿಟ್ಟಕ್ಕೆ ಕೊರತೆಯಿಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕುಲುಮೆ ಹೊತ್ತಿದ್ದು 1923ರಲ್ಲಿ. ಸರಿಯಾಗಿ ನೂರು ವರ್ಷಕ್ಕೆ, 2023ರ ಜನವರಿಯಲ್ಲಿ, ಅದನ್ನು ಮುಚ್ಚುವ ತೀರ್ಮಾನ ಹೊರಬಿದ್ದು ಕಾರ್ಮಿಕರು ಬೀದಿಗಿಳಿದರು. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಕಾರ್ಖಾನೆಯೊಂದೇ ವರ್ಷಕ್ಕೆ ಕೋಟಿ ಟನ್ನಿಗೂ ಮಿಕ್ಕಿ ಉಕ್ಕು ತೆಗೆಯಬಲ್ಲುದು. ಒಂದು ಟನ್ ಉಕ್ಕಿಗೆ ನೂರೈವತ್ತರಿಂದ ಇನ್ನೂರು ಕಿಲೋ ಉಕ್ಕಿನ ಕಿಟ್ಟ ಬರುತ್ತದೆ. ಊದುಕುಲುಮೆಯ ಕಿಟ್ಟವನ್ನು ಸಿಮೆಂಟಿನವರು ಕೊಂಡೊಯ್ಯುತ್ತಾರೆ. ಉಕ್ಕು ಕರಗಿಸುವ ಕಡೆಯ ಕಿಟ್ಟಕ್ಕೆ ಅಷ್ಟು ಗಿರಾಕಿಯಿಲ್ಲ. ಸೂರತ್ತಿನ ಹಜೀರಾದಲ್ಲಿ 2022ರಲ್ಲಿ ಅದರಿಂದ ಒಂದು ರಸ್ತೆಯನ್ನೇ ಮಾಡಿ ತೋರಿಸಿದರು. ರಸ್ತೆಗಾಗುವುದು ಕೆರೆಗೂ ಆಗಲಿ ಎಂಬುದು ನಮ್ಮ ಮಾತು.

ಕಿಟ್ಟವೊಂದೇ ಅಲ್ಲ. ಕುಡಿಯುವ ನೀರಿನ ಘಟಕದಲ್ಲಿ ನೀರು ತಿಳಿಮಾಡಲು ಪಟಿಕ ಹಾಕುತ್ತಾರಲ್ಲ, ಅದರ ತಳದಲ್ಲಿ ಕೂರುವ ಕೆಸರಿಗೂ ಫಾಸ್ಫೇಟು ಹಿಡಿಯುವ ಗುಣವಿದೆ. ಐರ್ಲೆಂಡಿನ ಡಬ್ಲಿನ್ನಿನ ವಿಶ್ವವಿದ್ಯಾಲಯದವರು ಅಂಥ ಕೆಸರನ್ನು ಒಣಗಿಸಿ, ಜೊಂಡು ನೆಟ್ಟ ತೊಟ್ಟಿಗಳಿಗೆ ತುಂಬಿ, ದನದ ಕೊಟ್ಟಿಗೆಯ ಹೊಲಸು ನೀರನ್ನು ಹಾಯಿಸಿ ನೋಡಿದ್ದಾರೆ. ಈ ಕೆಸರು ಯಾವ ಮಾಲೀಕನದೂ ಅಲ್ಲ. ನೀರು ಸರಬರಾಜು ಮಾಡುವ ಪ್ರತಿ ಊರೂ ಅದನ್ನು ತಾನೇ ಉತ್ಪತ್ತಿ ಮಾಡುತ್ತದೆ. ಬಹಳ ಕಡೆ ಹೊಳೆಗೋ ಹಳ್ಳಕ್ಕೋ ಬಿಟ್ಟುಬಿಡುತ್ತದೆ. ಔಷಧಿಯನ್ನು ಹೊಳೆಗೆ ಚೆಲ್ಲಿ ರೋಗಿಯನ್ನು ಕೆರೆಯಲ್ಲಿ ಮಲಗಿಸಿದ್ದೇವೆ.

ಹಾಗೆಂದು ಕಾರ್ಖಾನೆಯ ಕಸವೆಲ್ಲ ಔಷಧಿಯೆಂದು ಯಾರಾದರೂ ಹೇಳಿದರೆ ನಂಬಬೇಡಿ. ರಾಯಚೂರಿನ ಶಕ್ತಿನಗರದಂಥ ವಿದ್ಯುತ್ ಕೇಂದ್ರಗಳ ಹಾರುಬೂದಿಯನ್ನೂ ಇದಕ್ಕೆ ಬಳಸಬಹುದೆನ್ನುವವರಿದ್ದಾರೆ. ನಮ್ಮ ದೇಶದ ಕಲ್ಲಿದ್ದಲ ಬೂದಿಯಲ್ಲಿ ಸಾಮಾನ್ಯವಾಗಿ ಸುಣ್ಣದ ಅಂಶ ಕಡಮೆ, ಆದ್ದರಿಂದ ಫಾಸ್ಫೇಟು ಹಿಡಿಯುವ ಶಕ್ತಿಯೂ ಕಡಮೆ. ಜೊತೆಗೆ ಅದರೊಳಗಿನ ವಿಷಲೋಹಗಳ ಭಯ ಬೇರೆ. ಬೆಳಗಾವಿಯಲ್ಲಿರುವಂಥ ಅಲ್ಯುಮಿನಾ ಕಾರ್ಖಾನೆಗಳ ಕೆಂಪು ಕೆಸರು ಫಾಸ್ಫೇಟನ್ನು ಚೆನ್ನಾಗಿಯೇ ಹಿಡಿಯುತ್ತದೆ. ಆದರೆ ಅದು ಚರ್ಮ ಸುಡುವಷ್ಟು ಕ್ಷಾರ. ಹಂಗೆರಿ ದೇಶದ ಐಕಾದಲ್ಲಿ 2010ರ ಅಕ್ಟೋಬರ್ 4ರಂದು ಇಂಥ ಕೆಸರಿನ ಕಟ್ಟೆ ಒಡೆದು ಹತ್ತು ಜನ ಸತ್ತರು. ಅಂಥದನ್ನು ಆಸಿಡ್ಡಿನಿಂದಲೋ ಜಿಪ್ಸಮ್ಮಿನಿಂದಲೋ ಪಳಗಿಸದೆ ಊರಿನ ನೀರಿಗೆ ಹಾಕುವುದು ಹಾವನ್ನು ಮಡಿಲಲ್ಲಿ ಕಟ್ಟಿಕೊಂಡಂತೆ.

ಉಕ್ಕಿನ ಕಿಟ್ಟಕ್ಕೂ ದೋಷಗಳಿವೆ. ಹೊಸದಾಗಿ ತುಂಬಿದ ತೊಟ್ಟಿಯಿಂದ ಹೊರಬರುವ ನೀರು ಸುಣ್ಣದ ತಿಳಿಯಂತೆ ಕ್ಷಾರವಾಗಿರುತ್ತದೆ. ಅದನ್ನು ನೇರ ಕೆರೆಗೆ ಬಿಟ್ಟರೆ ಪಾಚಿಯ ಬದಲು ಸುಣ್ಣದಿಂದ ಮೀನು ಸತ್ತೀತು. ಅದಕ್ಕೆ ನಡುವೆ ಒಂದು ಜೊಂಡಿನ ಹೊಂಡ ಬೇಕು. ಕೆಲವು ಕಿಟ್ಟದಲ್ಲಿ ಕ್ರೋಮಿಯಂ, ವನೇಡಿಯಂ ಮುಂತಾದ ಲೋಹಗಳಿರುತ್ತವೆ. ಪರೀಕ್ಷೆ ಮಾಡದೆ ಒಂದು ಲಾರಿಯನ್ನೂ ಇಳಿಸಿಕೊಳ್ಳಬಾರದು. ಕೊನೆಗೆ, ಅದರ ಆಯುಷ್ಯ ಮುಗಿದ ಮೇಲೆ ಬದಲಿಸಲೇಬೇಕು. ವೈಯುಕುವಿನಲ್ಲಿ ಐದು ವರ್ಷ ನಡೆದದ್ದು ನಮ್ಮ ದಟ್ಟವಾದ ಕೊಳಚೆಗೆ ಅಷ್ಟು ವರ್ಷ ನಡೆಯುತ್ತದೆಂದು ಯಾರೂ ಹೊಣೆ ಹೊರಲಾರರು.

ಮತ್ತೆ ತಕ್ಕಡಿ ಹಿಡಿಯೋಣ. ಟನ್ನಿಗೆ ಒಂದು ಕಿಲೋ ರಂಜಕವೆಂದರೆ, ಲಕ್ಷ ಜನರ ಊರಿನ ದಿನದ 150 ಕಿಲೋ ರಂಜಕಕ್ಕೆ ದಿನಕ್ಕೆ 150 ಟನ್ ಕಿಟ್ಟ ಬೇಕು. ಹತ್ತು ಟನ್ನಿನ ಹದಿನೈದು ಲಾರಿ! ಇದು ಆಗದ ಮಾತು. ಆದರೆ ಕೆರೆಗೆ ಬೀಳುವ ಒಂದೇ ಚರಂಡಿಯನ್ನು ತೆಗೆದುಕೊಳ್ಳಿ. ಅದರ ಮೇಲೆ ಎರಡು ಸಾವಿರ ಜನರಿದ್ದಾರೆನ್ನೋಣ. ದಿನಕ್ಕೆ ಮೂರು ಕಿಲೋ ರಂಜಕ, ವರ್ಷಕ್ಕೆ ಸುಮಾರು 1100 ಕಿಲೋ. ಅದಕ್ಕೆ 1100 ಟನ್ ಕಿಟ್ಟ, ಅಂದರೆ 110 ಲಾರಿ. ಇದು ಒಂದು ಊರಿನ ಕೈಗೆಟುಕುವ ಕೆಲಸ. ಆ ನೀರು ಮೊದಲೇ ಶುದ್ಧೀಕರಣ ಘಟಕವನ್ನು ಹಾದು ಬಂದಿದ್ದರೆ, ಸೋಪಿನ ಪುಡಿಯಲ್ಲಿ ಫಾಸ್ಫೇಟು ಇಲ್ಲದಿದ್ದರೆ, ಇನ್ನೂ ಕಡಮೆ ಸಾಕು. ಕಿಟ್ಟ ಕೊನೆಯ ಜರಡಿ, ಮೊದಲಿನದಲ್ಲ. ಈ ಲೆಕ್ಕವನ್ನು ಮುಚ್ಚಿಟ್ಟು ಊರಿನ ಕೊಳಚೆಯನ್ನೆಲ್ಲ ಕಿಟ್ಟದಿಂದ ತೊಳೆಯುತ್ತೇವೆನ್ನುವವನು ಜನರಿಗೆ ಟೋಪಿ ಹಾಕುತ್ತಾನೆ.

ಈಗ ಮೂರನೆಯ ಪ್ರಶ್ನೆ: ಇದು ಯಾರ ಕೈಯಲ್ಲಿರಬೇಕು? ಇಲ್ಲಿ ನಮಗೆ ಎರಡು ಕಡೆಯವರೊಡನೆಯೂ ಜಗಳವಿದೆ.

ಒಂದು ಕಡೆ ಮಾಲೀಕರು. ನಿನ್ನೆಯವರೆಗೆ ಕಿಟ್ಟ ಅವರಿಗೆ ಹೊರೆ. ಸುರಿಯಲು ಜಾಗ ಬೇಕು, ಮಾಲಿನ್ಯ ಮಂಡಳಿಗೆ ಲೆಕ್ಕ ಒಪ್ಪಿಸಬೇಕು. ಕೆರೆಗೆ ಉಪಯೋಗವಾಗುತ್ತದೆಂದು ಗೊತ್ತಾದ ಮರುದಿನವೇ ಅದು 'ಸರಕು' ಆಗುತ್ತದೆ, ಅದಕ್ಕೆ ಬೆಲೆ ಹುಟ್ಟುತ್ತದೆ, ನಡುವೆ ಒಬ್ಬ ಏಜೆಂಟ್ ಹುಟ್ಟುತ್ತಾನೆ. ಇಲ್ಲವೆ ನಾಲ್ಕು ಲಾರಿ ಕಿಟ್ಟವನ್ನು ಪುಕ್ಕಟೆ ಕಳಿಸಿ ಅದನ್ನೇ ಧರ್ಮಕಾರ್ಯವೆಂದು ಬೋರ್ಡು ಹಾಕಿಸಿಕೊಳ್ಳುತ್ತಾರೆ. ತಮ್ಮ ಕಾರ್ಖಾನೆಯ ಹೊಲಸು ನೀರಿನ ಮಾತು ಬಂದಾಗ ಆ ಬೋರ್ಡನ್ನು ತೋರಿಸುತ್ತಾರೆ. ಕಿಟ್ಟವೇನು ಮಾಲೀಕನ ಹಿತ್ತಿಲಲ್ಲಿ ಬೆಳೆದದ್ದೆ? ಅದಿರು ನಾಡಿನದು, ನೀರು ನಾಡಿನದು, ಬೆಂಕಿಯ ಮುಂದೆ ನಿಂತು ಕರಗಿಸಿದವನು ಕೂಲಿಕಾರ. ಉಪ್ಪು ತಿಂದವನು ನೀರು ಕುಡಿಯಬೇಕು. ಉಕ್ಕಿನ ಲಾಭ ತಿಂದವನು ಕಿಟ್ಟದ ಹೊಣೆಯನ್ನೂ ಹೊರಬೇಕು. ಪರೀಕ್ಷೆಯಲ್ಲಿ ತೇರ್ಗಡೆಯಾದ ಕಿಟ್ಟವನ್ನು ಕೆರೆಯ ಬಾಯಿಯವರೆಗೆ ತಂದು ಇಳಿಸುವುದು ಅವನ ಕರ್ತವ್ಯ, ದಾನವಲ್ಲ.

ಇನ್ನೊಂದು ಕಡೆ ನಮ್ಮವರೇ ಇದ್ದಾರೆ. "ಮಾಲೀಕರ ಕಸವನ್ನು ನಮ್ಮ ಕೆರೆಗೆ ಯಾಕೆ ತರಬೇಕು? ಇದೆಲ್ಲ ಅವರ ಹೂಟ" ಎಂದು ಕೆಲವು ಸಂಗಾತಿಗಳು ಹೇಳುತ್ತಾರೆ. ಅವರ ಅನುಮಾನಕ್ಕೆ ಕಾರಣವಿದೆ. ಮೋಸ ಹೋದವರಿಗೇ ಮೋಸದ ವಾಸನೆ ಬೇಗ ಬಡಿಯುತ್ತದೆ. ಆದರೂ ನಾವು ಅವರ ಮಾತನ್ನು ಒಪ್ಪುವುದಿಲ್ಲ. ಉಪಾಯ ಮಾಲೀಕನಿಗೂ ಅನುಕೂಲವೆಂಬ ಒಂದೇ ಕಾರಣಕ್ಕೆ ಅದನ್ನು ತಳ್ಳಿಹಾಕಿದರೆ, ವಾಸನೆ ಕುಡಿಯುವುದು ಮಾಲೀಕನ ಮಗುವಲ್ಲ, ನಮ್ಮ ಓಣಿಯ ಮಗು. ವಿಜ್ಞಾನ ಯಾರಪ್ಪನ ಆಸ್ತಿಯೂ ಅಲ್ಲ. ಅದನ್ನು ಬಂಡವಾಳಗಾರನ ಕೈಗೇ ಬಿಟ್ಟು ದೂರ ನಿಂತು ಬೈಯುವುದು ಸಮಾಜವಾದವಲ್ಲ; ಅದನ್ನು ಜನರ ಹತೋಟಿಗೆ ತರುವುದು ಸಮಾಜವಾದ.

ಜನರ ಹತೋಟಿಯೆಂದರೆ ಬರೀ ಘೋಷಣೆಯಾಗಬಾರದು. ಆದ್ದರಿಂದ ನಮ್ಮ ಬೇಡಿಕೆಗಳನ್ನು ಬಿಡಿಸಿ ಹೇಳುತ್ತೇವೆ.

ಒಂದನೆಯದು, ಪ್ರತಿ ಜಿಲ್ಲಾ ಪಟ್ಟಣದಲ್ಲಿ ಒಂದು ಕೆರೆಯ ಒಂದು ಚರಂಡಿಯನ್ನು ಆರಿಸಿ ನಗರಸಭೆಯೇ ಒಂದು ಕಿಟ್ಟದ ತೊಟ್ಟಿ ಕಟ್ಟಲಿ. ಪಕ್ಕದಲ್ಲಿ ಪಟಿಕದ ಕೆಸರಿನ ತೊಟ್ಟಿಯೊಂದನ್ನೂ ಕಟ್ಟಲಿ. ಎರಡರಲ್ಲಿ ಯಾವುದು ಮೇಲೆಂಬುದು ಎರಡು ಮಳೆಗಾಲ ಕಳೆಯುವುದರೊಳಗೆ ಗೊತ್ತಾಗುತ್ತದೆ. ಇಡೀ ರಾಜ್ಯಕ್ಕೆ ಒಂದೇ ಟೆಂಡರ್ ಕರೆಯುವ ಆಸೆಯನ್ನು ಮಂತ್ರಿಗಳು ಬಿಡಲಿ.

ಎರಡನೆಯದು, ತೊಟ್ಟಿಗೆ ಹೋಗುವ ನೀರಿನಲ್ಲಿ ರಂಜಕವೆಷ್ಟು, ಹೊರಬರುವುದರಲ್ಲಿ ಎಷ್ಟು, ಕ್ಷಾರವೆಷ್ಟು, ಲೋಹಗಳೆಷ್ಟು ಎಂಬುದನ್ನು ತಿಂಗಳಿಗೊಮ್ಮೆ ಅಳೆದು ಕೆರೆಯ ಏರಿಯ ಮೇಲೆ ಕರಿಹಲಗೆಯಲ್ಲಿ ಕನ್ನಡದಲ್ಲಿ ಬರೆಯಲಿ. ಜಿಲ್ಲೆಯ ಕಾಲೇಜುಗಳ ರಸಾಯನಶಾಸ್ತ್ರದ ಹುಡುಗರೂ ಹುಡುಗಿಯರೂ ಈ ಕೆಲಸವನ್ನು ಸಂತೋಷದಿಂದ ಮಾಡುತ್ತಾರೆ. ಅಂಗಡಿಯವನು ದರದ ಹಲಗೆ ಹಾಕಬೇಕೆಂಬ ಕಾನೂನಿದ್ದರೆ, ನಗರಸಭೆ ನೀರಿನ ಹಲಗೆ ಯಾಕೆ ಹಾಕಬಾರದು?

ಮೂರನೆಯದು, ಕೆಲಸ ಮಾಡುವವರ ಮಾತು. ಕಿಟ್ಟದ ಧೂಳು ಕಣ್ಣಿಗೂ ಶ್ವಾಸಕ್ಕೂ ಕೆಟ್ಟದ್ದು. ಅದರ ನೀರು ಚರ್ಮ ಸುಡುತ್ತದೆ. ಬೂಟು, ಕೈಗವಸು, ಮುಖಗವಸು ಇಲ್ಲದೆ ಒಬ್ಬನನ್ನೂ ತೊಟ್ಟಿಗೆ ಇಳಿಸಬಾರದು. ಕೈಯಿಂದ ಮಲ ಬಳಿಯುವುದನ್ನು 2013ರ ಕಾನೂನು ನಿಷೇಧಿಸಿದ ಮೇಲೂ ಮ್ಯಾನ್‌ಹೋಲಿನಲ್ಲಿ ಉಸಿರುಕಟ್ಟಿ ಸತ್ತವರ ಸುದ್ದಿಯನ್ನು ನಾವು ಓದುತ್ತಲೇ ಬಂದಿದ್ದೇವೆ. ಕೆರೆ ಉಳಿಸುವ ಹೆಸರಿನಲ್ಲಿ ಇನ್ನೊಂದು ಅಂಥ ಕೂಲಿ ಹುಟ್ಟಬಾರದು. ಈ ಕೆಲಸಕ್ಕೆ ಖಾಯಂ ನೌಕರರು ಬೇಕು. ಮುಚ್ಚಿದ ಗಿರಣಿಯಿಂದಲೂ ಕಾರ್ಖಾನೆಯಿಂದಲೂ ಹೊರಬಿದ್ದು ಕೆಲಸ ಹುಡುಕುತ್ತಿರುವವರಿಗೆ ಮೊದಲ ಅವಕಾಶ ಸಿಗಬೇಕು.

ನಾಲ್ಕನೆಯದು, ಶಕ್ತಿ ಮುಗಿದ ಕಿಟ್ಟವನ್ನು ಹಳ್ಳಕ್ಕೆ ಸುರಿಯಕೂಡದು. ಅದರಲ್ಲಿ ಸುಣ್ಣವಿದೆ, ರಂಜಕವಿದೆ. ಲೋಹಗಳ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಮಲೆನಾಡಿನ ಹುಳಿ ಮಣ್ಣಿಗೆ ಹಾಕಿ ನೋಡಬಹುದು. ಕೃಷಿ ವಿಶ್ವವಿದ್ಯಾಲಯಗಳು ಇದನ್ನು ಕೈಗೆತ್ತಿಕೊಳ್ಳಲಿ. ನಮ್ಮ ದೇಶ ಗೊಬ್ಬರಕ್ಕೆ ಬೇಕಾದ ಫಾಸ್ಫೇಟನ್ನು ಬಹುಪಾಲು ಮೊರಾಕ್ಕೊ, ಜೋರ್ಡಾನ್, ಸೌದಿ ಅರೇಬಿಯ ಮುಂತಾದ ಕಡೆಯಿಂದ ತರಿಸುತ್ತದೆ. ಹಡಗಿನಲ್ಲಿ ತಂದದ್ದನ್ನು ಚರಂಡಿಯಲ್ಲಿ ಕಳೆದು ಮತ್ತೆ ಹಡಗಿಗೆ ಕಾಯುವುದು ಯಾವ ಸೀಮೆಯ ಅರ್ಥಶಾಸ್ತ್ರ? ಪರೀಕ್ಷೆಯಲ್ಲಿ ತೇರ್ಗಡೆಯಾಗದ ಕಿಟ್ಟವನ್ನು ವಾಪಸು ಕೊಂಡೊಯ್ಯುವ ಹೊಣೆ ಕಾರ್ಖಾನೆಯದೇ.

ಐದನೆಯದು, ಮೂಲದಲ್ಲಿಯೇ ತಡೆ. ಬಟ್ಟೆ ಒಗೆಯುವ ಪುಡಿಯಲ್ಲಿ ಫಾಸ್ಫೇಟಿಗೆ ಕಾನೂನಿನ ಕಟ್ಟು ಬೀಳಲಿ. ಪೊಟ್ಟಣದ ಮೇಲೆ ಅದರ ಪ್ರಮಾಣವನ್ನು ಕನ್ನಡದಲ್ಲಿ ಮುದ್ರಿಸಲಿ. ದಂಡ ಹಾಕಬೇಕಾದ್ದು ಪುಡಿ ಮಾಡುವ ಕಂಪನಿಗೆ, ಪೊಟ್ಟಣ ಮಾರುವ ಕಿರಾಣಿ ಅಂಗಡಿಯವನಿಗಲ್ಲ. ಪ್ಲಾಸ್ಟಿಕ್ ಚೀಲದ ವಿಷಯದಲ್ಲಿ ಏನಾಯಿತೆಂಬುದನ್ನು ನಮ್ಮ ವ್ಯಾಪಾರಿಗಳು ಮರೆತಿಲ್ಲ: ಕಾರ್ಖಾನೆ ನಡೆಯುತ್ತಲೇ ಇತ್ತು, ತಳ್ಳುಗಾಡಿಯವನ ಚೀಲ ಜಪ್ತಿಯಾಯಿತು.

ಈ ಬೇಡಿಕೆಗಳಲ್ಲಿ ಆಕಾಶಕ್ಕೆ ಏಣಿ ಹಾಕುವಂಥದು ಒಂದೂ ಇಲ್ಲ. ಒಂದು ಚರಂಡಿ, ಎರಡು ತೊಟ್ಟಿ, ನೂರು ಲಾರಿ ಕಿಟ್ಟ, ಒಂದು ಕರಿಹಲಗೆ. ಬೇಕಾದದ್ದು ಒತ್ತಾಯ. ಅದು ಮೇಲಿನಿಂದ ಬರುವುದಿಲ್ಲ.

ಆದ್ದರಿಂದ ಓದುಗರಲ್ಲಿ ನಮ್ಮ ವಿನಂತಿಯಿಷ್ಟೆ. ಗಿರಣಿಯ ಗೇಟಿನ ಸಭೆಯಲ್ಲಿ ಬೋನಸ್ಸಿನ ಮಾತಿನ ಜೊತೆಗೆ ಕೆರೆಯ ಮಾತನ್ನೂ ಎತ್ತಿ. ವರ್ತಕರ ಸಂಘದ ಸಭೆಯಲ್ಲಿ ಲೈಸೆನ್ಸಿನ ಮಾತಿನ ಜೊತೆಗೆ ಇದನ್ನೂ ಸೇರಿಸಿ. 2005ರ ಮಾಹಿತಿ ಹಕ್ಕಿನ ಕಾನೂನಿನಂತೆ ಹತ್ತು ರೂಪಾಯಿ ಶುಲ್ಕ ಕಟ್ಟಿ ನಗರಸಭೆಗೆ ಒಂದು ಅರ್ಜಿ ಕೊಡಿ: ನಮ್ಮ ಕೆರೆಯ ನೀರಿನಲ್ಲಿ ರಂಜಕವೆಷ್ಟು? ಕೊನೆಯ ಸಲ ಅಳೆದದ್ದು ಯಾವಾಗ? ನೀರಿನ ಘಟಕದ ಪಟಿಕದ ಕೆಸರು ಎಲ್ಲಿಗೆ ಹೋಗುತ್ತಿದೆ? ಬಂದ ಉತ್ತರವನ್ನು ನಮಗೆ ಕಳಿಸಿ, ಅಚ್ಚು ಹಾಕುತ್ತೇವೆ. ಮೂವತ್ತು ದಿನದೊಳಗೆ ಉತ್ತರ ಬಾರದಿದ್ದರೆ ಅದನ್ನೂ ತಿಳಿಸಿ. ಅದನ್ನೂ ಅಚ್ಚು ಹಾಕುತ್ತೇವೆ.

ಕಿಟ್ಟದ ಗುಡ್ಡ ಬೆಳೆದದ್ದು ದುಡಿಯುವವರ ಬೆವರಿನಿಂದ. ಕೆರೆಯನ್ನು ಕಟ್ಟಿದ್ದೂ ಹಿಂದಿನ ಕಾಲದ ದುಡಿಯುವವರೇ, ಬುಟ್ಟಿ ಬುಟ್ಟಿ ಮಣ್ಣು ಹೊತ್ತು. ಎರಡೂ ನಮ್ಮವು. ಒಂದರಿಂದ ಇನ್ನೊಂದನ್ನು ಉಳಿಸಿಕೊಳ್ಳಲು ನಮಗೆ ಯಾರ ಅಪ್ಪಣೆಯೂ ಬೇಕಾಗಿಲ್ಲ.